ನಷ್ಟ ಯಾರ ತಲೆಗೆ? ಬೇಲ್‌ಔಟ್ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

2008ರಲ್ಲಿ ಅಮೆರಿಕದ ದೊಡ್ಡ ಹಣಕಾಸು ಸಂಸ್ಥೆಗಳು ಒಂದರ ಹಿಂದೆ ಒಂದು ಕುಸಿಯತೊಡಗಿದವು. ಅಲ್ಲಿನ ಸರ್ಕಾರ ಜನರ ದುಡ್ಡು ಸುರಿದು ಅವುಗಳಲ್ಲಿ ಹಲವನ್ನು ಉಳಿಸಿಕೊಂಡಿತು. ಆ ಬೇಲ್‌ಔಟ್ ತಪ್ಪು ಎಂದು ಈ ಅಂಕಣದಲ್ಲಿ ಬರೆದಿದ್ದೆ. ಒಪ್ಪದವರ ಪತ್ರಗಳೇ ಜಾಸ್ತಿ ಬಂದಿವೆ. ಅವುಗಳಲ್ಲಿ ಗಟ್ಟಿ ಪ್ರಶ್ನೆಗಳನ್ನು ಆರಿಸಿಕೊಂಡು ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ಸರ್, ಬ್ಯಾಂಕುಗಳಿಗೆ ಕೊಟ್ಟ ಹಣ ಬಡ್ಡಿ ಸಮೇತ ವಾಪಸ್ ಬಂತು ಅಂತ ಓದಿದ್ದೇನೆ. ಸರ್ಕಾರಕ್ಕೆ ಲಾಭವೇ ಆಗಿದೆ. ಹಾಗಿದ್ದ ಮೇಲೆ ತೆರಿಗೆ ಕಟ್ಟುವವರಿಗೆ ಏನು ನಷ್ಟ?

ಉತ್ತರ: ನೀವು ಓದಿದ್ದು ನಿಜ. 2008ರ ಅಕ್ಟೋಬರ್ 3ರಂದು ಪಾಸಾದ 70,000 ಕೋಟಿ ಡಾಲರ್‌ಗಳ ಯೋಜನೆಯಲ್ಲಿ ಬ್ಯಾಂಕುಗಳಿಗೆ ಹೋಗಿದ್ದು ಸುಮಾರು 24,500 ಕೋಟಿ. ವಾಪಸ್ ಬಂದಿದ್ದು ಸುಮಾರು 27,500 ಕೋಟಿ. ಬರೀ ಜಮಾ-ಖರ್ಚು ನೋಡಿದರೆ ದೂರುವುದಕ್ಕೆ ಏನೂ ಇಲ್ಲ.

ಆದರೆ ಆ ದುಡ್ಡನ್ನು ಯಾವ ದರಕ್ಕೆ ಕೊಟ್ಟರು ಅನ್ನೋದನ್ನು ನೋಡಿ. ಆ ಸೆಪ್ಟೆಂಬರ್ ಕೊನೆಯಲ್ಲಿ ವಾಲ್ ಸ್ಟ್ರೀಟ್‌ನ ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕಿಗೆ ದುಡ್ಡು ಬೇಕಿತ್ತು. ಹೂಡಿಕೆದಾರ ವಾರನ್ ಬಫೆಟ್ 500 ಕೋಟಿ ಡಾಲರ್ ಕೊಟ್ಟರು. ವರ್ಷಕ್ಕೆ ಶೇ 10ರಂತೆ ಡಿವಿಡೆಂಡ್ ಕೇಳಿದರು. ಅಷ್ಟೇ ಮೊತ್ತದ ಷೇರುಗಳನ್ನು ಮುಂದೆ ತಲಾ 115 ಡಾಲರ್‌ಗೆ ಕೊಳ್ಳುವ ಹಕ್ಕನ್ನೂ ಬರೆಸಿಕೊಂಡರು. ಮುಂದಿನ ತಿಂಗಳೇ ಸರ್ಕಾರ ಅದೇ ಗೋಲ್ಡ್‌ಮನ್‌ಗೆ 1,000 ಕೋಟಿ ಕೊಟ್ಟಿತು. ಮೊದಲ ಐದು ವರ್ಷಕ್ಕೆ ದರ ಬರೀ ಶೇ 5. ಸರ್ಕಾರವೂ ಷೇರಿನ ಹಕ್ಕು ಪಡೆಯಿತು, ಆದರೆ ಕೊಟ್ಟ ಮೊತ್ತದ ಶೇ 15ರಷ್ಟಕ್ಕೆ ಮಾತ್ರ. ಸ್ವಂತ ದುಡ್ಡು ಹಾಕುವವರು ಅಪಾಯಕ್ಕೆ ಕೇಳಿದ ಬೆಲೆಯ ಅರ್ಧವನ್ನಷ್ಟೇ ಊರವರ ದುಡ್ಡು ಹಾಕುವವರು ಕೇಳಿದರು. ಆ ವ್ಯತ್ಯಾಸ ಜನರ ಜೇಬಿನಿಂದ ಬ್ಯಾಂಕಿಗೆ ಹೋದ ದುಡ್ಡು. ವಾಪಸ್ ಬಂದ ಲೆಕ್ಕದಲ್ಲಿ ಅದು ಕಾಣುವುದಿಲ್ಲ.

ಇನ್ನೊಂದು ಮಾತು. ವಾಪಸ್ ಬಂದೇ ಬರುತ್ತದೆ ಎಂಬ ಖಾತ್ರಿ ಆಗ ಯಾರಿಗೂ ಇರಲಿಲ್ಲ. ಅದೇ ಸೆಪ್ಟೆಂಬರ್ ಕೊನೆಗೆ ಐರ್ಲೆಂಡ್ ಸರ್ಕಾರ ತನ್ನ ಆರು ಬ್ಯಾಂಕುಗಳ ಸುಮಾರು 44,000 ಕೋಟಿ ಯುರೋ ಬಾಕಿಗೆ ತಾನೇ ಜಾಮೀನು ನಿಂತಿತು. ಕೊನೆಗೆ ಬ್ಯಾಂಕುಗಳಿಗೆ ಸುರಿಯಬೇಕಾಗಿ ಬಂದಿದ್ದು ಸುಮಾರು 6,400 ಕೋಟಿ ಯುರೋ. 2010ರ ನವೆಂಬರ್ ಹೊತ್ತಿಗೆ ಆ ದೇಶವೇ ಐರೋಪ್ಯ ಒಕ್ಕೂಟ ಮತ್ತು ಐಎಂಎಫ್ ಮುಂದೆ ಕೈಯೊಡ್ಡಬೇಕಾಯಿತು.

ಇದೆಲ್ಲಕ್ಕಿಂತ ನನಗೆ ಸಂಕಟ ತರುವುದು ಬೇರೆಯೇ ಇದೆ. ಎಐಜಿ ಎಂಬ ವಿಮಾ ಕಂಪನಿಯ ಕತೆ ನೋಡಿ. ಗೃಹಸಾಲದ ಮೇಲೆ ಕಟ್ಟಿದ ಬಾಂಡುಗಳು ಮುಳುಗಿದರೆ ತಾನು ತುಂಬಿಕೊಡುತ್ತೇನೆ ಎಂದು ಅದು ಜಗತ್ತಿನ ಬ್ಯಾಂಕುಗಳಿಗೆಲ್ಲ ಮಾತು ಕೊಟ್ಟಿತ್ತು. ತುಂಬಿಕೊಡುವ ಶಕ್ತಿ ಅದಕ್ಕಿರಲಿಲ್ಲ. ಸೆಪ್ಟೆಂಬರ್ 16ರಂದು ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ (ಫೆಡ್) 8,500 ಕೋಟಿ ಡಾಲರ್ ಸಾಲ ಕೊಟ್ಟಿತು. ಮುಂದೆ ನೆರವಿನ ಮೊತ್ತ ಅದರ ಎರಡು ಪಟ್ಟು ದಾಟಿತು. ಆ ದುಡ್ಡು ಎಐಜಿಯಲ್ಲಿ ನಿಲ್ಲಲಿಲ್ಲ. ಗೋಲ್ಡ್‌ಮನ್‌ಗೆ ಸುಮಾರು 1,290 ಕೋಟಿ ಹೋಯಿತು. ಫ್ರಾನ್ಸಿನ ಸೊಸಿಯೆತೆ ಜೆನೆರಾಲ್, ಜರ್ಮನಿಯ ಡಾಯ್ಚ ಬ್ಯಾಂಕ್‌ಗೆ ತಲಾ 1,100 ಕೋಟಿಗೂ ಜಾಸ್ತಿ ಹೋಯಿತು. ಆ ಬಾಂಡುಗಳ ಮೇಲಿನ ಕರಾರುಗಳಿಗೆ ಡಾಲರ್‌ಗೆ ನೂರಕ್ಕೆ ನೂರು ಸೆಂಟ್ ಸಿಕ್ಕಿತು.

2009ರ ಮಾರ್ಚ್‌ನಲ್ಲಿ ಎಐಜಿ ನೌಕರರಿಗೆ 16.5 ಕೋಟಿ ಡಾಲರ್ ಬೋನಸ್ ಕೊಟ್ಟಾಗ ಇಡೀ ಅಮೆರಿಕ ಸಿಟ್ಟಿಗೆದ್ದಿತು. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಸಾವಿರಾರು ಕೋಟಿ ಹೋಗಿದ್ದು ಎಐಜಿಯ ಮಾತು ನಂಬಿ ವ್ಯವಹಾರ ಮಾಡಿದ ಬ್ಯಾಂಕುಗಳಿಗೆ. ಬೇಲ್‌ಔಟ್ ಅಂದಾಗ ನಮ್ಮ ಕಣ್ಣಿಗೆ ಬೀಳುವುದು ಸಿಇಒ. ನಿಜವಾಗಿ ಬಚಾವಾಗುವುದು ಸಾಲ ಕೊಟ್ಟವರು. ಇನ್ನೊಮ್ಮೆ ಯಾರಿಗಾದರೂ ದುಡ್ಡು ಕೊಡುವಾಗ ಅವರ ಲೆಕ್ಕಪತ್ರ ನೋಡುವ ಕಷ್ಟ ಇವರಿಗೆ ಯಾಕೆ ಬೇಕು?

ಪ್ರಶ್ನೆ: ಲೆಹ್ಮನ್ ಬ್ರದರ್ಸ್ ಒಂದನ್ನು ಮುಳುಗಲು ಬಿಟ್ಟರು, ಇಡೀ ಜಗತ್ತು ನಡುಗಿತು. ಬೇಲ್‌ಔಟ್ ಬೇಕು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಉತ್ತರ: ಈ ಕತೆಯನ್ನು ಎಲ್ಲರೂ ಲೆಹ್ಮನ್ ದಿವಾಳಿಯಾದ 2008ರ ಸೆಪ್ಟೆಂಬರ್ 15ರಿಂದ ಶುರು ಮಾಡುತ್ತಾರೆ. ನೀವು ಅದೇ ವರ್ಷದ ಮಾರ್ಚ್‌ನಿಂದ ಓದಿ ನೋಡಿ.

ಮಾರ್ಚ್‌ನಲ್ಲಿ ಮುಳುಗುತ್ತಿದ್ದದ್ದು ಲೆಹ್ಮನ್‌ನಂಥದೇ ಇನ್ನೊಂದು ಇನ್ವೆಸ್ಟ್‌ಮೆಂಟ್ ಬ್ಯಾಂಕಾದ ಬೇರ್ ಸ್ಟರ್ನ್ಸ್. ಫೆಡ್ ಸುಮಾರು 2,900 ಕೋಟಿ ಡಾಲರ್ ಸಾಲ ಕೊಟ್ಟು ಅದನ್ನು ಜೆಪಿ ಮಾರ್ಗನ್ ಚೇಸ್‌ಗೆ ದಾಟಿಸಿತು. 2007ರ ಆರಂಭದಲ್ಲಿ 150 ಡಾಲರ್ ದಾಟಿದ್ದ ಷೇರಿಗೆ 10 ಡಾಲರ್ ಸಿಕ್ಕಿತು. ಅಂದರೆ ಷೇರುದಾರರಿಗೆ ಬಿಸಿ ಮುಟ್ಟಿತು. ಬೇರ್‌ಗೆ ಸಾಲ ಕೊಟ್ಟಿದ್ದವರಿಗೆ ಒಂದು ಪೈಸೆಯೂ ಮುಳುಗಲಿಲ್ಲ. ಇದನ್ನು ನೋಡಿದ, ಲೆಹ್ಮನ್‌ಗೆ ಸಾಲ ಕೊಟ್ಟಿದ್ದವರು ಏನು ಅಂದುಕೊಂಡಿರಬೇಕು? ಕೊನೇ ಗಳಿಗೆಯಲ್ಲಿ ಸರ್ಕಾರ ಬಂದೇ ಬರುತ್ತದೆ ಅಂತ. ಬೇರ್‌ಗಿಂತ ಲೆಹ್ಮನ್ ದೊಡ್ಡದು, ಅದನ್ನು ಬಿಟ್ಟಾರಾ ಅಂತ. ಬಂಡವಾಳ ಹುಡುಕಲು ಲೆಹ್ಮನ್‌ಗೆ ಆರು ತಿಂಗಳು ಸಿಕ್ಕಿತ್ತು. ಕೊರಿಯಾ ಡೆವಲಪ್‌ಮೆಂಟ್ ಬ್ಯಾಂಕ್ ಜೊತೆ ಮಾತುಕತೆಯೂ ನಡೆದಿತ್ತು. ಮುರಿದುಬಿತ್ತು.

ಆಮೇಲೆ ಸೋಮವಾರ ಲೆಹ್ಮನ್ ದಿವಾಳಿ. ಮಂಗಳವಾರ ಎಐಜಿಗೆ 8,500 ಕೋಟಿ. ಎರಡು ದಿನದಲ್ಲಿ ಎರಡು ನಿಯಮ. ಮೂರನೇ ದಿನ ಯಾವ ನಿಯಮ ಅನ್ನೋದು ಯಾರಿಗೂ ಗೊತ್ತಿರಲಿಲ್ಲ. ದುಡ್ಡಿರುವವರೆಲ್ಲ ಗಾಬರಿಯಾಗಿ ಕೈ ಬಿಗಿ ಮಾಡಿದ್ದಕ್ಕೆ ಈ ಗೊಂದಲ ದೊಡ್ಡ ಕಾರಣ ಎಂದು ನನ್ನ ಅಭಿಪ್ರಾಯ. ಆಗ ಖಜಾನೆ ಕಾರ್ಯದರ್ಶಿ (ನಮ್ಮ ಹಣಕಾಸು ಸಚಿವರಂತೆ) ಆಗಿದ್ದವರು ಗೋಲ್ಡ್‌ಮನ್‌ನ ಮಾಜಿ ಮುಖ್ಯಸ್ಥ ಹೆನ್ರಿ ಪಾಲ್ಸನ್. ಅವರ ಇಲಾಖೆ ಮೂರು ಪುಟದ ಕರಡು ಹಿಡಿದುಕೊಂಡು ಬಂದು 70,000 ಕೋಟಿ ಕೇಳಿತು. ಕಾರ್ಯದರ್ಶಿಯ ನಿರ್ಧಾರವನ್ನು ಯಾವ ಕೋರ್ಟೂ ಪ್ರಶ್ನಿಸುವಂತಿಲ್ಲ ಎಂದು ಅದರಲ್ಲಿ ಬರೆದಿತ್ತು! ಸೆಪ್ಟೆಂಬರ್ 29ರಂದು ಅಲ್ಲಿನ ಸಂಸತ್ತಿನ ಕೆಳಮನೆ, ತಿದ್ದಿದ ಮಸೂದೆಯನ್ನೂ 228–205 ಮತಗಳಿಂದ ತಿರಸ್ಕರಿಸಿತು. ಅವತ್ತು ಡೌ ಜೋನ್ಸ್ ಸೂಚ್ಯಂಕ 777 ಅಂಶ ಬಿತ್ತು. ನಾಲ್ಕೇ ದಿನದಲ್ಲಿ ಅದೇ ಮನೆ ಒಪ್ಪಿಕೊಂಡಿತು.

ಲೆಹ್ಮನ್ ಬಿದ್ದದ್ದರಿಂದ ನೋವಾಗಲಿಲ್ಲ ಎಂದು ನಾನು ಹೇಳುತ್ತಿಲ್ಲ. ಮುಂದಿನ ವರ್ಷ ಅಕ್ಟೋಬರ್‌ಗೆ ಅಮೆರಿಕದಲ್ಲಿ ನಿರುದ್ಯೋಗ ಶೇ 10 ಮುಟ್ಟಿತು. ತಪ್ಪೇ ಮಾಡದ ಲಕ್ಷಾಂತರ ಮನೆಗಳು ಅದರ ಪೆಟ್ಟು ತಿಂದವು. ಆದರೆ ಸಾಲ ಕೊಟ್ಟವರ ನಷ್ಟ ಅಂದರೆ ಎಷ್ಟು ಅನ್ನೋದನ್ನೂ ನೋಡಬೇಕು. ರಿಸರ್ವ್ ಪ್ರೈಮರಿ ಫಂಡ್ ಎಂಬ ನಿಧಿ 78.5 ಕೋಟಿ ಡಾಲರ್‌ನ ಲೆಹ್ಮನ್ ಸಾಲಪತ್ರ ಇಟ್ಟುಕೊಂಡಿತ್ತು. ಅದರ ಒಂದು ಡಾಲರ್ ಯೂನಿಟ್ 97 ಸೆಂಟ್‌ಗೆ ಇಳಿಯಿತು ಎಂಬ ಸುದ್ದಿಗೇ ಮಾರುಕಟ್ಟೆಯಲ್ಲಿ ಭೂಕಂಪ. ಕೊನೆಗೆ ಎಲ್ಲ ಲೆಕ್ಕ ಮುಗಿದಾಗ ಹೂಡಿಕೆದಾರರಿಗೆ ಡಾಲರ್‌ಗೆ 99 ಸೆಂಟ್‌ಗೂ ಜಾಸ್ತಿ ವಾಪಸ್ ಬಂತು.

ಪ್ರಶ್ನೆ: ಬ್ಯಾಂಕ್ ಮುಳುಗಲಿ ಬಿಡಿ ಅನ್ನೋದು ಸುಲಭ. ಅದರಲ್ಲಿ ಠೇವಣಿ ಇಟ್ಟಿರುವ ನನ್ನಂಥ ಸಾಮಾನ್ಯರ ಗತಿ ಏನು?

ಉತ್ತರ: ನಿಮ್ಮ ಭಯ ಸಹಜ. ಅದಕ್ಕೇ ವಾಷಿಂಗ್ಟನ್ ಮ್ಯೂಚುವಲ್ ಬಗ್ಗೆ ಹೇಳುತ್ತೇನೆ. ಅಮೆರಿಕದ ಇತಿಹಾಸದಲ್ಲೇ ಮುಳುಗಿದ ಅತಿ ದೊಡ್ಡ ಬ್ಯಾಂಕ್ ಅದು. ಆಸ್ತಿ 30,700 ಕೋಟಿ ಡಾಲರ್. 2008ರ ಸೆಪ್ಟೆಂಬರ್ 25, ಗುರುವಾರ ಸಂಜೆ ಅಧಿಕಾರಿಗಳು ಅದನ್ನು ಮುಚ್ಚಿ, 190 ಕೋಟಿಗೆ ಜೆಪಿ ಮಾರ್ಗನ್‌ಗೆ ಮಾರಿದರು. ಶುಕ್ರವಾರ ಬೆಳಿಗ್ಗೆ ಶಾಖೆಗಳು ಎಂದಿನಂತೆ ಬಾಗಿಲು ತೆರೆದವು. ಠೇವಣಿದಾರರಿಗೆ ಬಿಡಿಗಾಸಿನ ನಷ್ಟವೂ ಆಗಲಿಲ್ಲ. ಠೇವಣಿ ವಿಮಾ ನಿಧಿಯಿಂದಲೂ ದುಡ್ಡು ಹೋಗಲಿಲ್ಲ. ಷೇರುದಾರರು ಕಳೆದುಕೊಂಡರು, ಬಾಂಡ್ ಕೊಂಡವರೂ ಕಳೆದುಕೊಂಡರು. ಯಾರು ಕಳೆದುಕೊಳ್ಳಬೇಕಿತ್ತೋ ಅವರೇ ಕಳೆದುಕೊಂಡರು.

ಇದೂ ಸರ್ಕಾರಿ ಸಂಸ್ಥೆಯೇ ಮಾಡಿದ ಕೆಲಸ, ಅದನ್ನು ಮುಚ್ಚಿಡುವುದಿಲ್ಲ. ಠೇವಣಿ ವಿಮೆಯ ಬಗ್ಗೆ ನನಗೆ ತಕರಾರಿದೆ. 1980ರಲ್ಲಿ ಅದರ ಮಿತಿಯನ್ನು 40,000ದಿಂದ ಒಂದು ಲಕ್ಷ ಡಾಲರ್‌ಗೆ ಏರಿಸಿದರು. ಮುಂದೆ ಅಲ್ಲಿನ ಉಳಿತಾಯ-ಸಾಲ ಸಂಸ್ಥೆಗಳು ಜನರ ಠೇವಣಿ ಹಿಡಿದು ಜೂಜಾಡಿದವು. ತೆರಿಗೆದಾರರ ಮೇಲೆ ಬಿದ್ದ ಹೊರೆ ಸುಮಾರು 12,400 ಕೋಟಿ. ಆದರೂ ಎಐಜಿ ದಾರಿ, ವಾಷಿಂಗ್ಟನ್ ಮ್ಯೂಚುವಲ್ ದಾರಿ ಎರಡರಲ್ಲಿ ಒಂದನ್ನು ಆರಿಸು ಅಂದರೆ ಕಣ್ಣುಮುಚ್ಚಿ ಎರಡನೆಯದನ್ನು ಆರಿಸುತ್ತೇನೆ.

ಪ್ರಶ್ನೆ: ಬಿಕ್ಕಟ್ಟು ಬಂದಿದ್ದೇ ಸರ್ಕಾರದ ನಿಯಂತ್ರಣ ಸಡಿಲವಾಗಿದ್ದರಿಂದ. 1999ರಲ್ಲಿ ಬ್ಯಾಂಕಿಂಗ್ ಕಾನೂನು ಸಡಿಲಿಸಿದ್ದೇ ಮೂಲ ಅಲ್ವಾ?

ಉತ್ತರ: ಸಾಮಾನ್ಯ ಬ್ಯಾಂಕು, ಷೇರುಪೇಟೆಯ ಇನ್ವೆಸ್ಟ್‌ಮೆಂಟ್ ಬ್ಯಾಂಕು ಒಂದೇ ಸೂರಿನಡಿ ಇರಬಾರದು ಎಂಬ ತಡೆಯನ್ನು 1999ರಲ್ಲಿ ತೆಗೆದರು. ಆದರೆ ಬೇರ್, ಲೆಹ್ಮನ್ ಎರಡೂ ಮೂಲತಃ ಇನ್ವೆಸ್ಟ್‌ಮೆಂಟ್ ಬ್ಯಾಂಕುಗಳು. ಎಐಜಿ ವಿಮಾ ಕಂಪನಿ. ವಾಷಿಂಗ್ಟನ್ ಮ್ಯೂಚುವಲ್ ಗೃಹಸಾಲದ ಬ್ಯಾಂಕು. ಹಳೇ ಕಾನೂನು ಇದ್ದಿದ್ದರೂ ಇವು ಹೀಗೇ ಇರುತ್ತಿದ್ದವು.

ನಿಯಮ ಇರಲಿಲ್ಲ ಅನ್ನೋದಕ್ಕಿಂತ ಇದ್ದ ನಿಯಮಗಳು ಏನು ಮಾಡಿಸಿದವು ಅಂತ ನೋಡೋಣ. ಒಂದು ಬ್ಯಾಂಕು 100 ಡಾಲರ್ ಗೃಹಸಾಲ ಕೊಟ್ಟು ತನ್ನ ಬಳಿಯೇ ಇಟ್ಟುಕೊಂಡರೆ, ನಿಯಮದ ಪ್ರಕಾರ 4 ಡಾಲರ್ ಸ್ವಂತ ಬಂಡವಾಳ ಇಡಬೇಕಿತ್ತು. ಅಂಥವೇ ಸಾಲಗಳನ್ನು ಒಟ್ಟುಗೂಡಿಸಿ ಮಾಡಿದ ಎಎಎ, ಅಂದರೆ ಅತಿ ಸುರಕ್ಷಿತ ಎಂಬ ರೇಟಿಂಗ್‌ನ ಬಾಂಡ್ ಇಟ್ಟುಕೊಂಡರೆ 1 ಡಾಲರ್ 60 ಸೆಂಟ್ ಸಾಕಿತ್ತು. ಯಾವ ಬ್ಯಾಂಕು ತಾನೇ ಸಾಲವನ್ನು ಕೈಯಲ್ಲಿ ಇಟ್ಟುಕೊಳ್ಳುತ್ತದೆ? ಸಾಲ ಪಡೆದವರ ಮುಖ ಕಂಡಿದ್ದ ಬ್ಯಾಂಕು ಅದನ್ನು ಮಾರಿಬಿಟ್ಟಿತು. ಮುಖ ಕಾಣದವರು ಬಾಂಡ್ ಕೊಂಡರು. ರೇಟಿಂಗ್ ಕೊಡುತ್ತಿದ್ದವರು ಮುಖ್ಯವಾಗಿ ಮೂಡೀಸ್, ಎಸ್ ಅಂಡ್ ಪಿ, ಫಿಚ್. 1975ರಿಂದ ಇವರ ರೇಟಿಂಗ್‌ಗೆ ಸರ್ಕಾರದ ಮಾನ್ಯತೆಯ ಮುದ್ರೆ ಇತ್ತು.

ಜೊತೆಗೆ ಅಗ್ಗದ ದುಡ್ಡು. 2000ದ ಕೊನೆಗೆ ಶೇ 6.5 ಇದ್ದ ಬಡ್ಡಿಯನ್ನು ಫೆಡ್ 2003ರ ಜೂನ್‌ಗೆ ಶೇ 1ಕ್ಕೆ ಇಳಿಸಿ ಒಂದು ವರ್ಷ ಅಲ್ಲೇ ಹಿಡಿದಿಟ್ಟಿತು. ಇನ್ನೊಂದು ಕಡೆ ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್. ಇವು ಸರ್ಕಾರದ ಬೆಂಬಲವಿದ್ದ ಖಾಸಗಿ ಕಂಪನಿಗಳು. ಅಮೆರಿಕದ ಗೃಹಸಾಲಗಳಲ್ಲಿ ಹತ್ತಿರ ಹತ್ತಿರ ಅರ್ಧ, ಅಂದರೆ ಸುಮಾರು 5 ಲಕ್ಷ ಕೋಟಿ ಡಾಲರ್‌ನಷ್ಟು, ಇವುಗಳ ಕೈಯಲ್ಲಿ ಅಥವಾ ಜಾಮೀನಿನಲ್ಲಿತ್ತು. ಲಾಭ ಷೇರುದಾರರಿಗೆ ಹೋಗುತ್ತಿತ್ತು. ಮುಳುಗಿದರೆ ಸರ್ಕಾರ ಹೊರುತ್ತದೆ ಎಂದು ಮಾರುಕಟ್ಟೆ ನಂಬಿತ್ತು. 2008ರ ಸೆಪ್ಟೆಂಬರ್ 7ರಂದು ಹಾಗೇ ಆಯಿತು.

ಬ್ಯಾಂಕರುಗಳ ದುರಾಸೆ ಸುಳ್ಳಲ್ಲ. ಲೆಹ್ಮನ್ ಒಂದು ಡಾಲರ್ ಸ್ವಂತ ಬಂಡವಾಳದ ಮೇಲೆ ಸುಮಾರು 30 ಡಾಲರ್ ಆಸ್ತಿ ಕಟ್ಟಿತ್ತು. ಅಷ್ಟು ಸಾಲ ಕೊಟ್ಟವರು ಯಾಕೆ ಕೊಟ್ಟರು ಎಂಬುದೇ ನನ್ನ ಪ್ರಶ್ನೆ.

ಪ್ರಶ್ನೆ: ಕಾರು ಕಂಪನಿಗಳನ್ನು ಉಳಿಸಿದ್ದರಿಂದ ಕಾರ್ಮಿಕರ ಕೆಲಸ ಉಳಿಯಿತಲ್ಲ?

ಉತ್ತರ: ಒಂದಷ್ಟು ಉಳಿದಿರಬಹುದು. ಆದರೆ ದಿವಾಳಿ ಅಂದ ತಕ್ಷಣ ಕಾರ್ಖಾನೆಗೆ ಬೀಗ ಬೀಳುವುದಿಲ್ಲ. ಯುನೈಟೆಡ್ ಏರ್‌ಲೈನ್ಸ್ 2002ರಲ್ಲಿ, ಡೆಲ್ಟಾ 2005ರಲ್ಲಿ ದಿವಾಳಿ ಕೋರ್ಟಿಗೆ ಹೋದವು. ವಿಮಾನಗಳು ಹಾರುತ್ತಲೇ ಇದ್ದವು. ಜನರಲ್ ಮೋಟಾರ್ಸ್, ಕ್ರೈಸ್ಲರ್‌ಗಳಿಗೆ 2008ರ ಡಿಸೆಂಬರ್‌ನಲ್ಲಿ 1,740 ಕೋಟಿ ಕೊಟ್ಟರು. ಆಮೇಲೂ 2009ರಲ್ಲಿ ಎರಡೂ ಅದೇ ಕೋರ್ಟಿನ ಮೆಟ್ಟಿಲು ಹತ್ತಿದವು. ಕ್ರೈಸ್ಲರ್‌ಗೆ ಅಡಮಾನದ ಮೇಲೆ ಸಾಲ ಕೊಟ್ಟವರಿಗೆ ಡಾಲರ್‌ಗೆ 29 ಸೆಂಟ್ ಸಿಕ್ಕಿತು. ಅವರಲ್ಲಿ ಇಂಡಿಯಾನಾ ರಾಜ್ಯದ ಶಿಕ್ಷಕರ, ಪೊಲೀಸರ ಪಿಂಚಣಿ ನಿಧಿಗಳೂ ಇದ್ದವು. ಸರದಿಯಲ್ಲಿ ಅವರಿಗಿಂತ ಹಿಂದಿದ್ದ ಕಾರ್ಮಿಕ ಸಂಘದ ಆರೋಗ್ಯ ನಿಧಿಗೆ ಹೊಸ ಕಂಪನಿಯ ಶೇ 55ರಷ್ಟು ಷೇರು ಸಿಕ್ಕಿತು. ಆ ಶಿಕ್ಷಕರೂ ದುಡಿದು ತಿನ್ನುವವರೇ. ಅವರ ಪಾಲನ್ನು ಕಡಿಮೆ ಮಾಡುವ ಅಧಿಕಾರ ಯಾರಿಗಿದೆ?

ಪ್ರಶ್ನೆ: 2010ರ ಹೊಸ ಕಾನೂನು ಬಂದ ಮೇಲೆ ಇನ್ನು ಬೇಲ್‌ಔಟ್ ಇಲ್ಲ ಅಂದಿದ್ದರು. ಈಗ ಸರಿಹೋಗಿದೆಯಾ? ಇಲ್ಲದಿದ್ದರೆ ನಿಮ್ಮ ಪ್ರಕಾರ ಏನು ಮಾಡಬೇಕು?

ಉತ್ತರ: ಸರಿಹೋಗಿಲ್ಲ. 2023ರ ಮಾರ್ಚ್ 10ರಂದು ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಳುಗಿತು. ವಿಮೆಯ ಮಿತಿ ಎರಡೂವರೆ ಲಕ್ಷ ಡಾಲರ್. ಅಲ್ಲಿನ ಠೇವಣಿಯಲ್ಲಿ ಶೇ 90ಕ್ಕೂ ಜಾಸ್ತಿ ಆ ಮಿತಿಯ ಆಚೆ ಇತ್ತು. ರೋಕು ಎಂಬ ಒಂದೇ ಕಂಪನಿ ಸುಮಾರು 48.7 ಕೋಟಿ ಡಾಲರ್ ಇಟ್ಟಿತ್ತು. ಎರಡೇ ದಿನದಲ್ಲಿ, ಭಾನುವಾರ, ಎಲ್ಲರ ಎಲ್ಲ ದುಡ್ಡೂ ವಾಪಸ್ ಎಂದು ಸರ್ಕಾರ ಘೋಷಿಸಿತು. ಆ ಹೊರೆ ತುಂಬಲು ಉಳಿದ ದೊಡ್ಡ ಬ್ಯಾಂಕುಗಳ ಮೇಲೆ ವಿಶೇಷ ಶುಲ್ಕ ಹಾಕಿದರು. ಹುಷಾರಾಗಿ ನಡೆದ ಬ್ಯಾಂಕುಗಳೂ ಕಟ್ಟಬೇಕಾಯಿತು.

ಏನು ಮಾಡಬೇಕು? ಹೊಸದಾಗಿ ಹುಡುಕಬೇಕಾಗಿಲ್ಲ. 1930ರ ದಶಕದವರೆಗೆ ಅಮೆರಿಕದ ರಾಷ್ಟ್ರೀಯ ಬ್ಯಾಂಕುಗಳ ಷೇರುದಾರರಿಗೆ ಎರಡು ಪಟ್ಟು ಹೊಣೆ ಇತ್ತು. 100 ಡಾಲರ್ ಮುಖಬೆಲೆಯ ಷೇರು ಇಟ್ಟುಕೊಂಡವರು, ಬ್ಯಾಂಕು ಮುಳುಗಿದರೆ ಇನ್ನೂ 100 ಡಾಲರ್‌ವರೆಗೆ ಜೇಬಿನಿಂದ ತರಬೇಕಿತ್ತು. ವಾಲ್ ಸ್ಟ್ರೀಟ್‌ನ ಕಂಪನಿಗಳೂ ಹಿಂದೆ ಪಾಲುದಾರಿಕೆಯವು. ನಷ್ಟವಾದರೆ ಪಾಲುದಾರರ ಸ್ವಂತ ಆಸ್ತಿಯೇ ಹೋಗುತ್ತಿತ್ತು. ಗೋಲ್ಡ್‌ಮನ್ ಷೇರುಪೇಟೆಗೆ ಬಂದಿದ್ದೇ 1999ರಲ್ಲಿ. ಇವತ್ತು ಅದೇ ರೂಪ ಬೇಡವೆನ್ನುವುದಾದರೆ ಬಾಂಡ್ ಕರಾರಿನಲ್ಲೇ ಒಂದು ಸಾಲು ಬರೆದಿಡಬಹುದು: ಬಂಡವಾಳ ಇಂತಿಷ್ಟಕ್ಕಿಂತ ಕೆಳಗಿಳಿದರೆ ಈ ಸಾಲ ತಾನಾಗಿ ಷೇರಾಗುತ್ತದೆ. ಆಗ ಮಧ್ಯರಾತ್ರಿ ಸಭೆಯಾಗಲಿ, ಮೂರು ಪುಟದ ಕರಡಾಗಲಿ ಬೇಕಾಗುವುದಿಲ್ಲ. ಆ ಬಾಂಡ್ ಕೊಳ್ಳುವವರು ಸಹಿ ಹಾಕುವ ಮುಂಚೆ ಬ್ಯಾಂಕಿನ ಲೆಕ್ಕಪತ್ರ ತರಿಸಿಕೊಂಡು ಓದುತ್ತಾರೆ.