ಲೇಖಕಿಯಲ್ಲ, ಇಂಜಿನಿಯರ್!

ಗೋಕಾಕದ ಓದುಗರೊಬ್ಬರು ಬರೆದಿದ್ದಾರೆ: "ಹೋದ ಸಂಚಿಕೆಯಲ್ಲಿ ತಮಿಳಿನ ಲೇಖಕಿ ಸುಜಾತಾ ಅವರನ್ನು ಬಹಳ ಹೊಗಳಿದ್ದೀರಿ. ನೂರು ಕಾದಂಬರಿ ಬರೆದವರು ಒಂದನ್ನಾದರೂ ನೆಟ್ಟಗೆ ಬರೆದಿರಲು ಸಾಧ್ಯವೇ? ಮೇಲಾಗಿ ಸಿನಿಮಾ ಸೇರಿ ಕೆಟ್ಟರು. ನನ್ನದೊಂದು ವಿಜ್ಞಾನ ಕಥೆಯನ್ನೂ ಜೊತೆಗೆ ಕಳಿಸಿದ್ದೇನೆ."

ಸಂಪಾದಕರ ಉತ್ತರ: ಮೊದಲು ಒಂದು ತಿದ್ದುಪಡಿ. ಸುಜಾತಾ ಹೆಣ್ಣುಮಗಳಲ್ಲ. ಅವರ ಹೆಸರು ರಂಗರಾಜನ್. ಅದೇ ಹೆಸರಿನ ಇನ್ನೊಬ್ಬ ಲೇಖಕರು ಆಗಲೇ ಬರೆಯುತ್ತಿದ್ದರು, ಅದಕ್ಕೆ ಹೆಂಡತಿಯ ಹೆಸರು ಇಟ್ಟುಕೊಂಡರು. ನಾಚಿಕೆ ಬೇಡ, ಈ ತಪ್ಪು ನಾನೂ ಮಾಡಿದ್ದೇನೆ.

ಅವರು ಬರೀ ಲೇಖಕರೂ ಅಲ್ಲ. ಬೆಂಗಳೂರಿನ ಬಿಇಎಲ್‌ನಲ್ಲಿ (ಭಾರತ್ ಎಲೆಕ್ಟ್ರಾನಿಕ್ಸ್) ಇಂಜಿನಿಯರ್ ಆಗಿದ್ದವರು. ಮತಯಂತ್ರದ ವಿನ್ಯಾಸ, ತಯಾರಿಕೆಯ ಉಸ್ತುವಾರಿ ನೋಡಿಕೊಂಡವರು. ಬೆಳಗಾವಿಯ ಶಹಾಪುರದ ಶಾಲೆಯೊಂದರಲ್ಲಿ ಸಾಲು ನಿಂತು ನಾನು ನೀಲಿ ಗುಂಡಿ ಒತ್ತುತ್ತೇನೆ. ಕೆಂಪು ದೀಪ ಹತ್ತುತ್ತದೆ, ಉದ್ದಕ್ಕೆ ಒಂದು ಬೀಪ್. ಪ್ರತಿ ಸಲ ಈ ಕಥೆಗಾರನ ನೆನಪು. ಆ ಹಳೆಯ ಯಂತ್ರ ನಿಮಿಷಕ್ಕೆ 5 ಮತಕ್ಕಿಂತ ಜಾಸ್ತಿ ತಗೊಳ್ಳುತ್ತಿರಲಿಲ್ಲ. ಕಳ್ಳಮತ ಒತ್ತಲು ಮತಗಟ್ಟೆಗೆ ನುಗ್ಗಿದವರೂ ಕಾಯಲೇಬೇಕಿತ್ತು. ಆದರೆ ಇದೇ ಮನುಷ್ಯನ ಪೆನ್ನಿಗೆ ಮಾತ್ರ ಅಂಥ ಲಗಾಮು ಇರಲಿಲ್ಲ!

ಅಲ್ಲಿಗೆ ನಿಮ್ಮ ಮಾತು ಅರ್ಧ ನಿಜ. ವಾರವಾರ ಧಾರಾವಾಹಿ ಬರೆಯುವವರ ಎಲ್ಲಾ ಕಂತೂ ಗಟ್ಟಿ ಇರುವುದಿಲ್ಲ. ಅವರ ಕೆಲವು ಪತ್ತೇದಾರಿ ಕಥೆಗಳು ಕೊನೆಗೆ ಬಂದಾಗ ಸುಮ್ನೆ ಕೈಬಿಟ್ಟ ಹಾಗಿವೆ. ಆದರೆ 1980ರ ದಶಕದಲ್ಲಿ 'ಆನಂದ ವಿಕಟನ್' ವಾರಪತ್ರಿಕೆಯಲ್ಲಿ ಬಂದ 'ಎನ್ ಇನಿಯ ಇಯಂದಿರಾ' ಕಾದಂಬರಿ ನೋಡಿ. 2021ರ ಭಾರತ, ಜೀವಾ ಎಂಬ ಸರ್ವಾಧಿಕಾರಿ, ಮಗು ಹೆರಲೂ ಸರ್ಕಾರದ ಪರವಾನಗಿ. ಇಷ್ಟೆಲ್ಲದರ ನಡುವೆ ಓದುಗರ ಮನಸ್ಸಿನಲ್ಲಿ ಉಳಿದದ್ದು ಜೀನೋ ಎಂಬ ರೋಬೋ ನಾಯಿ. ದೊಡ್ಡ ಭಯವನ್ನು ಮನೆಯ ನಾಯಿಯ ಪಕ್ಕ ಕೂರಿಸುವುದು ಅವಸರದಲ್ಲಿ ಆಗುವ ಕೆಲಸವಲ್ಲ.

ಸಿನಿಮಾ ಅವರನ್ನು ಕೆಡಿಸಿತು ಅನ್ನುವುದನ್ನು ನಾನು ಒಪ್ಪಲ್ಲ. ಸಿನಿಮಾ ಕೆಡಿಸಿದ್ದು ಅವರ ಕಥೆಗಳನ್ನು. ಲಂಡನ್ನಿನಲ್ಲಿ ನಡೆಯುವ 'ಪ್ರಿಯಾ' ತೆರೆಯ ಮೇಲೆ ಸಿಂಗಾಪುರಕ್ಕೆ ಹೋಯಿತು. ರಜನಿಕಾಂತ್ ಅದರಲ್ಲಿ ವಕೀಲ ಗಣೇಶ್. ಕನ್ನಡದಲ್ಲೂ ಬಂತು, ನಮ್ಮಲ್ಲಿ ಎಷ್ಟೋ ಮಂದಿಗೆ ಅದು ಸುಜಾತಾ ಕಥೆ ಅಂತಲೇ ಗೊತ್ತಿಲ್ಲ. ಆಮೇಲೆ ಅವರು ತಾವೇ ಮಾತು ಬರೆಯಲು ಕೂತರು. 1992ರ 'ರೋಜಾ', 1996ರ 'ಇಂಡಿಯನ್', 2007ರ 'ಶಿವಾಜಿ'. ಸಂಭಾಷಣೆ ಚಿಕ್ಕದು, ಚುರುಕು. 2008ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರೂ ಮಾತು ಬರೆದಿದ್ದ ರೋಬೋ ಸಿನಿಮಾ 'ಎಂದಿರನ್' ಬಂದದ್ದು 2010ರಲ್ಲಿ.

ಕನ್ನಡದಲ್ಲಿ ಇಂಥವರು ಇಲ್ಲ ಅಂದುಕೊಳ್ಳಬೇಡಿ. ವಿಜ್ಞಾನ ಕಥೆಗಾರ ರಾಜಶೇಖರ ಭೂಸನೂರಮಠರನ್ನು ಹುಡುಕಿ ಓದಿ.

ಇನ್ನು ನಿಮ್ಮ ಕಥೆ. ಓದಿದೆ, ವಾಪಸ್ ಕಳಿಸುತ್ತಿದ್ದೇನೆ. ನಿಮ್ಮ ರೋಬೋಗೆ ನ್ಯೂಯಾರ್ಕಿನಲ್ಲಿ ಏನು ಕೆಲಸ? ಆ ಬೀದಿ ನೀವೂ ನೋಡಿಲ್ಲ, ನಾನೂ ನೋಡಿಲ್ಲ. ಗೋಕಾಕ ಫಾಲ್ಸಿನ ಹತ್ತಿ ಗಿರಣಿಯಲ್ಲಿ ರಾತ್ರಿ ಪಾಳಿಗೆ ಹಾಕಿ ನೋಡಿ. ತೂಗುಸೇತುವೆ ದಾಟುವಾಗ ಅದರ ಕಾಲು ನಡುಗುತ್ತದೋ ಇಲ್ಲವೋ, ಅದನ್ನು ಬರೆಯಿರಿ. ಎಂಟು ಪುಟ ಸಾಕು, ಈಗಿನ ಹಾಗೆ ಮೂವತ್ತೊಂದು ಬೇಡ.