ಓದುಗರ ಪ್ರಶ್ನೆ: ಮೈನ್ ಹಾಕಿದ ಹಡಗು ಕೊನೆಗೆ ಎಲ್ಲಿ ಸೇರಿತು?

ಪ್ರಶ್ನೆ: ಮೇಷ್ಟ್ರೇ, ಸಿಗಂದೂರು ಸೇತುವೆ ಆದ ಮೇಲೆ ನಮಗೆ ಹೊಳೆಬಾಗಿಲಿನ ಲಾಂಚ್ ಜಾಸ್ತಿ ನೆನಪಾಗುತ್ತದೆ. ಅದರಲ್ಲೇ ಓಡಾಡಿ ಬೆಳೆದವರು ನಾವು. ಯುದ್ಧದಲ್ಲಿ ಹೆಸರು ಮಾಡಿದ ಹಡಗುಗಳನ್ನಾದರೂ ಕೆಲಸ ಮುಗಿದ ಮೇಲೆ ಚೆನ್ನಾಗಿ ನೋಡಿಕೊಳ್ಳುತ್ತಾರಾ? ಮೈನ್, ಅಂದರೆ ನೀರಿನಡಿಯ ಬಾಂಬ್, ಹಾಕುವ ಟರ್ಕಿಯ ಹಡಗೊಂದರ ಬಗ್ಗೆ ನೀವು ಹಿಂದೆ ಒಂದೇ ಸಾಲು ಬರೆದು ಸುಮ್ಮನಾದಿರಿ. ಪೂರ್ತಿ ಹೇಳಿ. (ತುಮರಿಯ ಓದುಗರು)

ಉತ್ತರ: ಅದರ ಹೆಸರು ನುಸ್ರೆತ್. ನಮ್ಮ ಶಿವಮೊಗ್ಗದಲ್ಲೂ ನುಸ್ರತ್ ಅಂತ ಹೆಸರಿಡುತ್ತಾರಲ್ಲ, ಅದೇ ಪದ. ನೆರವು, ಗೆಲುವು ಅಂತ ಅರ್ಥ. 1911ರಲ್ಲಿ ಜರ್ಮನಿಯ ಕೀಲ್‌ನಲ್ಲಿ ನೀರಿಗಿಳಿದ ಹಡಗು. ಉದ್ದ ಸುಮಾರು 40 ಮೀಟರ್. ಮೂರು ಬಸ್ಸನ್ನು ಒಂದರ ಹಿಂದೆ ಒಂದು ನಿಲ್ಲಿಸಿದರೆ ಹೆಚ್ಚುಕಮ್ಮಿ ಅಷ್ಟಾಗುತ್ತದೆ. ನೋಡಿದರೆ ಯಾರೂ ಹೆದರುವಂಥದ್ದಲ್ಲ.

ಮೊದಲ ಮಹಾಯುದ್ಧ ಶುರುವಾಗಿತ್ತು. ಇಸ್ತಾಂಬುಲ್‌ಗೆ ಹೋಗಬೇಕೆಂದರೆ ಡಾರ್ಡನೆಲ್ಸ್ ಅನ್ನುವ ಕಿರಿದಾದ ಜಲಸಂಧಿ ದಾಟಬೇಕು. ಬ್ರಿಟಿಷರು ಮತ್ತು ಫ್ರೆಂಚರು ದೊಡ್ಡ ದೊಡ್ಡ ಯುದ್ಧನೌಕೆ ತಂದು, ದಡದ ಕೋಟೆಗಳಿಗೆ ಗುಂಡು ಹೊಡೆಯುತ್ತಾ ಒಳಗೆ ನುಗ್ಗಲು ನೋಡುತ್ತಿದ್ದರು. ಟರ್ಕರು ದಾರಿಗೆ ಅಡ್ಡಲಾಗಿ ಹತ್ತು ಸಾಲು ಮೈನ್ ಹಾಕಿ ಕಾದಿದ್ದರು. ಅದು ಎಲ್ಲರಿಗೂ ಗೊತ್ತಿದ್ದ ವಿಷಯ. ಆದರೆ ದಡದಲ್ಲಿ ಕೂತು ನೋಡುತ್ತಿದ್ದವರ ಕಣ್ಣಿಗೆ ಇನ್ನೊಂದು ಬಿತ್ತು. ಗುಂಡು ಹೊಡೆದು ವಾಪಸಾಗುವಾಗ ಈ ಹಡಗುಗಳು ಪ್ರತಿ ಸಲ ಬಲಕ್ಕೆ, ಏಷ್ಯಾ ಕಡೆಯ ಎರೆನ್‌ಕೊಯ್ ಕೊಲ್ಲಿಯಲ್ಲೇ ತಿರುಗುತ್ತಿದ್ದವು.

ನಮ್ಮ ಕಡೆ ಹಿಂದೆ ಹಂದಿಗೆ ಉರುಳು ಹಾಕುತ್ತಿದ್ದವರನ್ನು ಕೇಳಿ ನೋಡಿ (ಈಗ ಹಾಕಿದರೆ ಫಾರೆಸ್ಟಿನವರು ಮನೆಗೇ ಬರುತ್ತಾರೆ, ಬೇಡ). ಗದ್ದೆ ನಡುವೆ ಯಾರೂ ಉರುಳು ಇಡುವುದಿಲ್ಲ. ಹಂದಿ ಎಲ್ಲಿ ನುಸುಳುತ್ತದೆ, ಎಲ್ಲಿ ತಿರುಗುತ್ತದೆ ಅಂತ ನಾಲ್ಕು ದಿನ ನೋಡಿ ಅಲ್ಲಿ ಇಡುತ್ತಾರೆ. ನುಸ್ರೆತ್ ಮಾಡಿದ್ದೂ ಇಷ್ಟೇ. 1915ರ ಮಾರ್ಚ್ 8ರ ಬೆಳಗಿನ ಜಾವ, ಕತ್ತಲಲ್ಲಿ, ಸದ್ದಿಲ್ಲದೆ ಹೋಗಿ 26 ಮೈನ್ ಇಳಿಸಿ ಬಂತು. ಅದೂ ದಾರಿಗೆ ಅಡ್ಡಲಾಗಿ ಅಲ್ಲ, ದಡದ ಉದ್ದಕ್ಕೆ. ಕ್ಯಾಪ್ಟನ್ ಹೆಸರು ಇಸ್ಮಾಯಿಲ್ ಹಕ್ಕಿ. ನಮ್ಮ ಹಕ್ಕಿಗೂ ಈ ಹಕ್ಕಿಗೂ ಸಂಬಂಧ ಇಲ್ಲ, ಆದರೆ ಹೆಸರು ಮರೆಯದಿರಲು ಒಳ್ಳೆಯದಾಯಿತು.

ಹತ್ತು ದಿನ ಏನೂ ಆಗಲಿಲ್ಲ. ಬ್ರಿಟಿಷರು ಮೈನ್ ಹುಡುಕಲು ಇಟ್ಟುಕೊಂಡಿದ್ದು ಮೀನು ಹಿಡಿಯುವ ಟ್ರಾಲರ್‌ಗಳನ್ನು. ಆ ಕೊಲ್ಲಿ ಖಾಲಿ ಇದೆ ಅಂತಲೇ ನಂಬಿದ್ದರು. ಮಾರ್ಚ್ 18ರಂದು ದೊಡ್ಡ ದಾಳಿಗೆ ಬಂದರು. ಮಧ್ಯಾಹ್ನ ಫ್ರೆಂಚರ ಬೂವೆ ತಿರುಗುವಾಗ ಮೈನ್‌ಗೆ ಸಿಕ್ಕಿತು. ಸುಮಾರು 12 ಸಾವಿರ ಟನ್ನಿನ ಹಡಗು, ಎರಡು ಮೂರು ನಿಮಿಷದಲ್ಲಿ ಮಗುಚಿ ಮುಳುಗಿತು. 600ಕ್ಕೂ ಹೆಚ್ಚು ಜನ ಅದರೊಳಗೇ ಹೋದರು. ಆಮೇಲೆ ಬ್ರಿಟಿಷರ ಇನ್‌ಫ್ಲೆಕ್ಸಿಬಲ್‌ಗೆ ಪೆಟ್ಟು ಬಿತ್ತು, ಹೇಗೋ ಬಚಾವಾಯಿತು. ಇರ್ರೆಸಿಸ್ಟಿಬಲ್‌ಗೆ ಬಿತ್ತು, ಉಳಿಯಲಿಲ್ಲ. ಅದನ್ನು ಎಳೆದು ತರಲು ಹೋದ ಓಷನ್ ಕೂಡ ಸಿಕ್ಕಿಬಿತ್ತು. ಮಜಾ ಅಂದರೆ, ಹೊಡೆದದ್ದು ಏನು ಅಂತಲೇ ಆವತ್ತು ಅವರಿಗೆ ಸರಿಯಾಗಿ ಗೊತ್ತಾಗಲಿಲ್ಲ. ನೀರಿನಲ್ಲಿ ತೇಲಿಬಿಟ್ಟ ಮೈನ್ ಇರಬೇಕು ಅಂದುಕೊಂಡರು. ಬರಿಯ ಹಡಗಿನಿಂದ ಜಲಸಂಧಿ ಗೆಲ್ಲುವ ಆಸೆ ಅಲ್ಲಿಗೆ ಬಿಟ್ಟು, ಏಪ್ರಿಲ್ 25ಕ್ಕೆ ಜಲಸಂಧಿಯ ಪಕ್ಕದ ಗಲಿಪೊಲಿಯಲ್ಲಿ ಸೈನ್ಯ ಇಳಿಸಿದರು. ಅದೂ ಕೈಗೂಡದೆ 1916ರ ಜನವರಿಯಲ್ಲಿ ವಾಪಸ್ ಹೋದರು.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ಇಷ್ಟೆಲ್ಲ ಮಾಡಿದ ಹಡಗನ್ನು ಚೆನ್ನಾಗಿ ನೋಡಿಕೊಂಡರಾ? ಇಲ್ಲ. ಯುದ್ಧ ಮುಗಿದ ಮೇಲೂ ಬಹಳ ವರ್ಷ ನೌಕಾಪಡೆಯಲ್ಲಿ ದುಡಿಯಿತು. 1962ರಲ್ಲಿ ಖಾಸಗಿಯವರಿಗೆ ಮಾರಿದರು. ಅವರು ಅದನ್ನು ಸರಕು ಹಡಗು ಮಾಡಿ ಕಪ್ತಾನ್ ನುಸ್ರೆತ್ ಅಂತ ಕರೆದರು. ಚರಿತ್ರೆ ಬದಲಿಸಿದ ಹಡಗಿಗೆ ಮೂಟೆ ಹೊರುವ ಕೆಲಸ! ಆದರೂ ನನಗೆ ಅದು ಅವಮಾನ ಅಂತ ಅನಿಸುವುದಿಲ್ಲ. ಹಡಗು ಅಂದ ಮೇಲೆ ಓಡಾಡುತ್ತಿರಬೇಕು, ಅಲ್ವಾ? ಬೇಜಾರಾಗುವುದು ಆಮೇಲಿನದಕ್ಕೆ. 1989ರಲ್ಲಿ ಟರ್ಕಿಯ ದಕ್ಷಿಣ ಕರಾವಳಿಯ ಮೆರ್ಸಿನ್ ಹತ್ತಿರ ಮುಳುಗಿತು. ಹತ್ತು ವರ್ಷ ನೀರಡಿಯಲ್ಲೇ ಬಿದ್ದಿತ್ತು. 1999ರಲ್ಲಿ ಮೇಲೆತ್ತಿದರು. ಕೊನೆಗೆ ಅಲ್ಲೇ ಹತ್ತಿರದ ತಾರ್ಸುಸ್ ಪುರಸಭೆಯವರು ತಂದು, ರಿಪೇರಿ ಮಾಡಿ, ನೆಲದ ಮೇಲೆ ನಿಲ್ಲಿಸಿದ್ದಾರೆ. ಡಾರ್ಡನೆಲ್ಸ್ ದಡದ ಚನಕ್ಕಲೆ ಊರಿನಲ್ಲಿ ಇರುವುದು ನಕಲು. ಜನ ಹೋಗಿ ಫೋಟೋ ತೆಗೆಸಿಕೊಳ್ಳುವುದು ಜಾಸ್ತಿ ಅದರ ಮುಂದೆಯೇ. ಅಸಲಿ ಹಡಗು ನೂರಾರು ಕಿಲೋಮೀಟರ್ ಆಚೆ ಇದೆ.

ನಿಮ್ಮ ಲಾಂಚನ್ನು ಹಿನ್ನೀರಿನ ದಡದಲ್ಲೇ ಎಲ್ಲಾದರೂ ಇಡಬೇಕು, ಮಕ್ಕಳು ಹತ್ತಿ ನೋಡುವ ಹಾಗೆ. ಬಣ್ಣ ಬಳಿಯುವ ಖರ್ಚು ನೀರಿನಿಂದ ಮೇಲೆತ್ತುವ ಖರ್ಚಿಗಿಂತ ಕಮ್ಮಿ.

ಪ್ರಶ್ನೆ: ಮೈನ್ ನೀರಿನಲ್ಲಿ ತೇಲಿ ಹೋಗುವುದಿಲ್ಲವೇ? ಮಳೆಗಾಲದ ತುಂಗೆಯಲ್ಲಿ ಮರದ ದಿಮ್ಮಿಯೇ ನಿಲ್ಲುವುದಿಲ್ಲ. (ತೀರ್ಥಹಳ್ಳಿ)

ಉತ್ತರ: ಕಟ್ಟಿ ಹಾಕಿರುತ್ತಾರೆ. ಮೈನ್ ಒಳಗೆ ಗಾಳಿ ಇರುವುದರಿಂದ ಮೇಲೇಳಲು ನೋಡುತ್ತದೆ. ಕೆಳಗೆ ಭಾರದ ಲಂಗರು, ನಡುವೆ ಉಕ್ಕಿನ ಹಗ್ಗ. ಹಗ್ಗದ ಉದ್ದ ಅಳೆದು ಬಿಟ್ಟರೆ ಮೈನ್ ನೀರಿನ ಮೇಲೆ ಕಾಣದ ಹಾಗೆ ಸ್ವಲ್ಪ ಕೆಳಗೇ ನಿಲ್ಲುತ್ತದೆ. ಹಡಗಿನ ಡೆಕ್ ಮೇಲೆ ಹಳಿ ಇರುತ್ತದೆ, ಅದರ ಮೇಲೆ ಉರುಳಿಸಿಕೊಂಡು ಹೋಗಿ ಹಿಂದಿನಿಂದ ಒಂದೊಂದೇ ಬೀಳಿಸುತ್ತಾರೆ. ಮೈನ್ ಮೈಮೇಲೆ ಸೀಸದ ಕೊಂಬುಗಳಿರುತ್ತವೆ. ಹಡಗು ತಾಗಿ ಕೊಂಬು ಬಗ್ಗಿದರೆ ಒಳಗಿನ ಗಾಜಿನ ಕೊಳವೆ ಒಡೆಯುತ್ತದೆ, ಆಸಿಡ್ ಸುರಿದು ಬ್ಯಾಟರಿ ಜೀವ ಪಡೆಯುತ್ತದೆ, ಆಮೇಲೆ ಹೇಳಬೇಕಾಗಿಲ್ಲ. ಹಗ್ಗ ಕಿತ್ತುಕೊಂಡು ತೇಲಿದ ಮೈನ್ ತಾನಾಗೇ ನಿರುಪಯೋಗಿ ಆಗಬೇಕು ಅಂತ 1907ರಲ್ಲೇ ಹೇಗ್ ಒಪ್ಪಂದದಲ್ಲಿ ಬರೆದಿದ್ದಾರೆ.

ಪ್ರಶ್ನೆ: ಆ ಯುದ್ಧದಲ್ಲಿ ನಮ್ಮ ಮೈಸೂರಿನವರು ಇದ್ದರಾ? (ಭದ್ರಾವತಿ)

ಉತ್ತರ: ಟರ್ಕರ ವಿರುದ್ಧ ಹೋರಾಡಿದರು, ಆದರೆ ಬೇರೆ ಕಡೆ. ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ ಸೂಯೆಜ್ ಕಾಲುವೆ ಕಾಯಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜತೆ ಸೇರಿ ಈಗಿನ ಇಸ್ರೇಲಿನ ಹೈಫಾ ಊರು ಗೆದ್ದಿತು. ದೆಹಲಿಗೆ ಹೋದರೆ ತೀನ್ ಮೂರ್ತಿ ವೃತ್ತದಲ್ಲಿ ನಿಂತಿರುವ ಮೂರು ಮೂರ್ತಿಗಳನ್ನು ನೋಡಿ ಬನ್ನಿ. ಅದರಲ್ಲಿ ಒಂದು ನಮ್ಮ ಮೈಸೂರಿನ ಲೆಕ್ಕದ್ದು.