ನಾಲಿಗೆಯ ಕೆಳಗಿನ ಮಾತ್ರೆ ಇನ್ನೊಂದು ಚಟವೇ?

ಪ್ರಶ್ನೆ: ಬ್ರೌನ್ ಶುಗರ್ (ಕಲಬೆರಕೆ ಹೆರಾಯಿನ್) ಬಿಡಿಸಲು ನನ್ನ ತಮ್ಮನಿಗೆ ನಾಲಿಗೆ ಕೆಳಗಿಡುವ ಬುಪ್ರೆನಾರ್ಫಿನ್–ನಾಲೊಕ್ಸೋನ್ ಮಾತ್ರೆ ಬರೆದುಕೊಟ್ಟಿದ್ದಾರೆ. ಮೊದಲ ಸಲ ಇಟ್ಟ ಮುಕ್ಕಾಲು ಗಂಟೆಗೇ ವಾಂತಿ, ಬೆವರು, ಮೈಕೈ ನೋವು. ಬೆಳಿಗ್ಗೆಯಷ್ಟೇ ಬ್ರೌನ್ ಶುಗರ್ ಸೇದಿದ್ದನಂತೆ. ಮಾತ್ರೆ ಒಗ್ಗಲಿಲ್ಲವೇ? ಅದೂ ಅಫೀಮಿನ ಜಾತಿಯದೇ ಅಂತಾರೆ. ಒಂದು ಚಟ ಬಿಡಿಸಲು ಇನ್ನೊಂದು ಹಚ್ಚಿದಂತಾಗದೇ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ಒಗ್ಗಲಿಲ್ಲ ಅಂತ ಕೈಬಿಡಬೇಡಿ. ಮಾತ್ರೆ ಇಟ್ಟ ಹೊತ್ತು ತಪ್ಪಿದೆ.

ಅಫೀಮಿನ ಜಾತಿಯ ವಸ್ತುಗಳು ಮಿದುಳಿನಲ್ಲಿ ಅಂಟಿಕೊಳ್ಳುವ ಗ್ರಾಹಕಗಳಿವೆ (ರಿಸೆಪ್ಟರ್) ಎಂದು 1973ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಕ್ಯಾಂಡೇಸ್ ಪರ್ಟ್ ಮತ್ತು ಸಾಲಮನ್ ಸ್ನೈಡರ್ ತೋರಿಸಿದರು. ಅವುಗಳಲ್ಲಿ 'ಮ್ಯೂ' ಎಂಬುದು ಇಲ್ಲಿ ಮುಖ್ಯ. ಬ್ರೌನ್ ಶುಗರ್ ಅದನ್ನು ಪೂರ್ತಿ ಕೆರಳಿಸುತ್ತದೆ. ಬುಪ್ರೆನಾರ್ಫಿನ್ ಕೆರಳಿಸುವುದು ಅರ್ಧಂಬರ್ಧ, ಆದರೆ ಹಿಡಿತ ಮಾತ್ರ ಬಲು ಗಟ್ಟಿ. ರಕ್ತದಲ್ಲಿ ಬ್ರೌನ್ ಶುಗರ್ ಇನ್ನೂ ಇರುವಾಗ ಮಾತ್ರೆ ಇಟ್ಟರೆ ಅದನ್ನು ಗ್ರಾಹಕದಿಂದ ಎಬ್ಬಿಸಿ ತಾನು ಕೂತುಬಿಡುತ್ತದೆ. ಪೂರ್ತಿಯಿಂದ ಅರ್ಧಕ್ಕೆ ಒಮ್ಮೆಲೇ ಇಳಿದ ಮೈ ತಡೆಯುವುದಿಲ್ಲ. ನಿಮ್ಮ ತಮ್ಮನಿಗೆ ಆಗಿದ್ದು ಇದೇ. ಜೊತೆಗಿರುವ ನಾಲೊಕ್ಸೋನ್ ಇದಕ್ಕೆ ಕಾರಣವಲ್ಲ. ನಾಲಿಗೆಯ ಕೆಳಗಿಟ್ಟಾಗ ಅದು ರಕ್ತಕ್ಕೆ ಸೇರುವುದೇ ಅತ್ಯಲ್ಪ. ಮಾತ್ರೆ ಅರೆದು ಚುಚ್ಚಿಕೊಳ್ಳದಿರಲಿ ಅಂತ ಸೇರಿಸಿರುತ್ತಾರೆ.

ಕೊನೆಯ ಬ್ರೌನ್ ಶುಗರ್ ಆಗಿ ಕನಿಷ್ಠ 12 ಗಂಟೆ, ಸಾಧ್ಯವಾದರೆ 24 ಗಂಟೆ ಕಳೆಯಲಿ. ಗಡಿಯಾರಕ್ಕಿಂತ ಮೈ ನೋಡಿ: ಕಣ್ಣಿನ ಪಾಪೆ ಹಿಗ್ಗಿರಬೇಕು, ಮೂಗು ಸೋರಬೇಕು, ಆಕಳಿಕೆ ಬಿಡದೆ ಬರಬೇಕು, ತೋಳಿನ ಕೂದಲು ನಿಮಿರಬೇಕು. ಆಮೇಲೆ ವೈದ್ಯರ ಕಣ್ಣೆದುರು 2 ಮಿ.ಗ್ರಾಂ ಇಟ್ಟು, ಒಂದೆರಡು ಗಂಟೆ ನೋಡಿ, ಅಗತ್ಯವಿದ್ದರೆ ಇನ್ನೊಂದು. ಕೆಲವು ದಿನಗಳಲ್ಲಿ ಹೆಚ್ಚಿನವರು ದಿನಕ್ಕೆ 8ರಿಂದ 16 ಮಿ.ಗ್ರಾಂಗೆ ನಿಲ್ಲುತ್ತಾರೆ. ಮೆಥಡೋನ್ (ಮೈಯಲ್ಲಿ ಹೆಚ್ಚು ಹೊತ್ತು ಉಳಿಯುವ, ಅಫೀಮಿನ ಜಾತಿಯದೇ ಇನ್ನೊಂದು ಔಷಧ) ತೆಗೆದುಕೊಳ್ಳುತ್ತಿದ್ದವರು ಇನ್ನೂ ಹೆಚ್ಚು ಹೊತ್ತು ಕಾಯಬೇಕು.

ಬಾಯಿ ಒದ್ದೆ ಮಾಡಿಕೊಂಡು ಇಡಲಿ. ಕರಗಲು 5–10 ನಿಮಿಷ ಬೇಕು. ಅಲ್ಲಿತನಕ ಮಾತಿಲ್ಲ, ಉಗುಳು ನುಂಗುವಂತಿಲ್ಲ. ನುಂಗಿದ ಔಷಧದ ಬಹುಪಾಲು ಯಕೃತ್ತಿನಲ್ಲೇ ಮುಗಿದುಹೋಗುತ್ತದೆ. ಕರಗಿದ ಮೇಲೆ ನೀರು ಮುಕ್ಕಳಿಸಿ ನುಂಗಲಿ. ಹಲ್ಲುಜ್ಜುವುದು ಒಂದು ಗಂಟೆ ಬಿಟ್ಟು. ಇಲ್ಲದಿದ್ದರೆ ಹಲ್ಲು ಹಾಳು.

ಇನ್ನು ಚಟದ ಮಾತು. ಮಾತ್ರೆ ತಟ್ಟನೆ ನಿಲ್ಲಿಸಿದರೆ ಕಷ್ಟವಾಗುವುದು ನಿಜ. ಆದರೆ ಬ್ರೌನ್ ಶುಗರ್ ನಿಮಿಷಗಳಲ್ಲಿ ಏರಿ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ, ಆ ಇಳಿತವೇ ದಿನಕ್ಕೆ ಮೂರು ನಾಲ್ಕು ಸಲ ಅಲೆಸುತ್ತದೆ. ಮಾತ್ರೆ ದಿನಪೂರ್ತಿ ಒಂದೇ ಮಟ್ಟದಲ್ಲಿ ಹಿಡಿದಿಡುವುದರಿಂದ ಅವನು ಕೆಲಸಕ್ಕೆ ಹೋಗಿ ಬರಬಹುದು.

ದಯವಿಟ್ಟು ಹದಿನೈದು ದಿನಕ್ಕೇ 'ಗುಣವಾಯಿತು' ಅಂತ ನಿಲ್ಲಿಸಬೇಡಿ. ಅಷ್ಟರಲ್ಲಿ ಮೈಯ ತಾಳಿಕೆ ಇಳಿದಿರುತ್ತದೆ. ಆಮೇಲೆ ಒಮ್ಮೆ ಹಳೆಯ ಪ್ರಮಾಣ ಸೇದಿದರೂ ಉಸಿರು ನಿಲ್ಲಬಹುದು. ಮದ್ಯ, ಅಲ್ಪ್ರಾಜೋಲಾಮ್‌ನಂಥ ನಿದ್ರೆಮಾತ್ರೆ ಜೊತೆಗೆ ಬೇಡವೇ ಬೇಡ. ವೈದ್ಯರು ದೂರವಿದ್ದರೆ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಿ, ಶುಲ್ಕವಿಲ್ಲ.